ಭಾನುವಾರದ ಬೇಸಾಯಕ್ಕೆ ಹಳೇ ಮ್ಯಾಸಿ 1035

ಸಣ್ಣ ಜಮೀನು, ವಾರಕ್ಕೊಂದು ದಿನದ ಕೆಲಸ, ಹಳೇ ಯಂತ್ರ ಅಂದ್ರೆ ಪ್ರೀತಿ. ಈ ಮೂರೂ ಇದ್ದು ನೀವು ಹಾಸನ ಕಡೆಯವರಾದರೆ ಹಳೇ ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರ್ ಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಅದರ ಚೆಂದ ನೋಡಿ ಹೇಳುತ್ತಿಲ್ಲ, ಎಚ್‌ಪಿ ನೋಡಿಯೂ ಅಲ್ಲ. ಅದರ ಬಿಡಿಭಾಗ ಹಾಸನದ ಅಂಗಡಿಯಲ್ಲೇ ಸಿಗುತ್ತದೆ. ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಪಕ್ಕದ ಊರಲ್ಲೇ ಇದ್ದಾರೆ. ಹಳೇ ಟ್ರ್ಯಾಕ್ಟರ್ ವಿಚಾರದಲ್ಲಿ ನಾನು ಮೊದಲು ನೋಡುವುದು ಇದನ್ನೇ. ಮಿಕ್ಕಿದ್ದೆಲ್ಲ ಆಮೇಲೆ.

ನಮ್ಮದು ಆಲೂರಿನ ಹತ್ತಿರ ಎರಡೂವರೆ ಎಕರೆ. ಒಂದು ಎಕರೆಯಲ್ಲಿ ಅಡಿಕೆ. ಮಿಕ್ಕಿದ್ದರಲ್ಲಿ ರಾಗಿ, ಮುಸುಕಿನ ಜೋಳ, ಒಂದೊಂದು ವರ್ಷ ಶುಂಠಿ. ವಾರವೆಲ್ಲ ನಾನು ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಭಾನುವಾರ ಜಮೀನಿಗೆ ಹೋಗುತ್ತೇನೆ. ಬರೀ ಉಳುಮೆಯ ಲೆಕ್ಕ ಹಾಕಿದರೆ ಇಷ್ಟು ಜಮೀನಿಗೆ ಸ್ವಂತ ಟ್ರ್ಯಾಕ್ಟರ್ ಬೇಕಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕರೆಸಿದರೆ ಅಗ್ಗ. ಆದರೆ ಮುಂಗಾರಿನ ಹದ ಮಳೆ ಬಿದ್ದ ಮರುದಿನ ಊರಿಗೆಲ್ಲ ಒಟ್ಟಿಗೇ ಟ್ರ್ಯಾಕ್ಟರ್ ಬೇಕು. ದೊಡ್ಡ ಹೊಲಗಳ ಸರದಿ ಮುಗಿದು ನಮ್ಮ ಕಡೆ ಬರುವಷ್ಟರಲ್ಲಿ ಹದ ಆರಿರುತ್ತದೆ. ಅದೂ ಅಲ್ಲದೆ ನನಗೆ ಎಂಜಿನ್ ಅಂದ್ರೆ ಇಷ್ಟ. ಕೊಟ್ಟಿಗೆ ಗೊಬ್ಬರ ಸಾಗಿಸುವುದು, ನೀರಿನ ಟ್ಯಾಂಕರ್ ಎಳೆಯುವುದು, ನಾನೇ ಕೂತು ನಾಲ್ಕು ಸಾಲು ಹೊಡೆಯುವುದು. ಇದರಲ್ಲಿ ಸಿಗುವ ಖುಷಿಗೂ ಒಂದು ಬೆಲೆ ಇದೆ, ಅಲ್ವಾ?

ಅಡಿಕೆ ತೋಟದ ಒಳಗೇ ಓಡಿಸಬೇಕು ಅನ್ನುವವರಿಗೆ ಮಾತ್ರ ನನ್ನ ಸಲಹೆ ಬೇರೆ. ನೀವು ಹಳೇ ಮಿತ್ಸುಬಿಷಿ ಶಕ್ತಿ ಹುಡುಕಿ. ಬೆಂಗಳೂರಿನ ವಿಎಸ್‌ಟಿ ಕಂಪನಿಯ ಗಾಡಿ, 18.5 ಎಚ್‌ಪಿ, ಮೂರು ಸಿಲಿಂಡರ್. ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನಲ್ಲಿ ಸಲೀಸಾಗಿ ಓಡಾಡುತ್ತದೆ. 1035ರ ಅಗಲ ಐದೂವರೆ ಅಡಿಯ ಹತ್ತಿರ. ನೇರ ಸಾಲಿನಲ್ಲಿ ಹೇಗೋ ಹೋಗುತ್ತದೆ, ಸಾಲಿನ ಕೊನೆಯಲ್ಲಿ ತಿರುಗಿಸುವಾಗ ಮಡ್‌ಗಾರ್ಡ್ ಮರಕ್ಕೆ ತಗಲುತ್ತದೆ. ಅಡಿಕೆ ಬೇರು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ನಾನಂತೂ ತೋಟದೊಳಗೆ ಉಳುಮೆ ಮಾಡುವುದಿಲ್ಲ. ಹಾಗಾಗಿ ನನಗೆ ಇದು ಕೊರತೆ ಅನ್ನಿಸಲಿಲ್ಲ. ಆರಡಿ ಅಂತರದ ಅರೇಬಿಕಾ ಕಾಫಿ ಸಾಲಿಗಂತೂ 1035ರ ಆಸೆ ಬಿಟ್ಟುಬಿಡಿ.

ನನ್ನ ಮನಸ್ಸು ತುಂಬ ದಿನ ಐಷರ್ 241ರ ಮೇಲಿತ್ತು. 1959ರಲ್ಲಿ ಫರಿದಾಬಾದ್‌ನಲ್ಲಿ ಟ್ರ್ಯಾಕ್ಟರ್ ತಯಾರಿಕೆ ಶುರು ಮಾಡಿದ ಕಂಪನಿ ಅದು. 241ಕ್ಕೆ ಒಂದೇ ಸಿಲಿಂಡರ್, 25 ಎಚ್‌ಪಿ, ಗಾಳಿಯಿಂದಲೇ ತಣ್ಣಗಾಗುವ ಎಂಜಿನ್. ರೇಡಿಯೇಟರ್ ಇಲ್ಲ, ನೀರು ಹಾಕುವ ಗೋಜಿಲ್ಲ, ಹೋಸ್ ಪೈಪ್ ಒಡೆಯುವ ಭಯ ಇಲ್ಲ. ಡೀಸೆಲ್ ಕುಡಿಯುವುದೂ ಕಡಿಮೆ. ವಾರಕ್ಕೊಮ್ಮೆ ಓಡುವ ಗಾಡಿಗೆ ಇದು ದೊಡ್ಡ ಗುಣ. ಕಡೂರು ಕಡೆ ಒಂದು ಒಳ್ಳೆಯ ಗಾಡಿ ನೋಡಿದೆ. ಓಡಿಸಿಯೂ ಓಡಿಸಿದೆ. ಆದರೆ ಒಂದೇ ದೊಡ್ಡ ಪಿಸ್ಟನ್ನಿನ ಹೊಡೆತ ಸ್ಟೇರಿಂಗಿಗೆ, ಸೀಟಿಗೆ, ಸೊಂಟಕ್ಕೆ ಹಾಗೇ ಬರುತ್ತದೆ. ಇಳಿದ ಮೇಲೂ ಅಂಗೈ ಜುಮ್ ಅನ್ನುತ್ತಿತ್ತು. ಸೊಂಟ ಗಟ್ಟಿ ಇದ್ದು, ಖರ್ಚು ಕಡಿಮೆ ಇರಬೇಕು ಅನ್ನುವವರು 241 ಕೊಂಡರೆ ನಾನು ಬೇಡ ಅನ್ನುವುದಿಲ್ಲ.

ಎಚ್‌ಎಂಟಿ 2511 ಬಿಡುವಾಗ ನಿಜವಾಗಿ ಬೇಜಾರಾಯಿತು. ಎಚ್‌ಎಂಟಿ ಅಂದರೆ ನಮಗೆಲ್ಲ ಬೆಂಗಳೂರು, ಅಪ್ಪನ ಕೈಗಡಿಯಾರ. ಟ್ರ್ಯಾಕ್ಟರ್ ಮಾತ್ರ ಹರಿಯಾಣದ ಪಿಂಜೋರ್‌ನಲ್ಲಿ ತಯಾರಾಗುತ್ತಿತ್ತು, 1971ರಿಂದ, ಜೆಕೊಸ್ಲೊವಾಕಿಯಾದ ಜೆಟರ್ ಟ್ರ್ಯಾಕ್ಟರಿನ ಮಾದರಿಯಲ್ಲಿ. ಎರಡು ಸಿಲಿಂಡರ್, 25 ಎಚ್‌ಪಿ, ಒಳ್ಳೇ ಗಟ್ಟಿ ಕಬ್ಬಿಣ. ಆ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನ ಮಾಡಿತು. ಹಾಸನದ ಅಂಗಡಿಯಲ್ಲಿ ಕೇಳಿದರೆ ಬಿಡಿಭಾಗ ಉತ್ತರದ ಕಡೆಯಿಂದ ತರಿಸಿಕೊಡುತ್ತೇವೆ, ಕಾಯಬೇಕು ಅಂದರು. ಹದಕ್ಕೆ ಕಾಯಲು ಬರುವುದಿಲ್ಲವಲ್ಲ.

ಸ್ವರಾಜ್ 724 ಬಗ್ಗೆಯೂ ಗೌರವ ಇದೆ. ದುರ್ಗಾಪುರದ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ಎಂಜಿನಿಯರುಗಳೇ ರೂಪಿಸಿದ ಸ್ವರಾಜ್ 1974ರಲ್ಲಿ ಪಂಜಾಬಿನಿಂದ ಹೊರಬಂತು. ನನಗೆ ಸಿಕ್ಕ ಗಾಡಿಗಳು ಮಾತ್ರ ಕಲ್ಲು, ಮರಳಿನ ಟ್ರೈಲರ್ ಎಳೆದೂ ಎಳೆದೂ ಸುಸ್ತಾಗಿದ್ದವು.

ಇನ್ನು ಮ್ಯಾಸಿ. ಹ್ಯಾರಿ ಫರ್ಗುಸನ್ ಐರ್ಲೆಂಡಿನ ರೈತರ ಮನೆಯ ಹುಡುಗ. ಆಗಿನ ಟ್ರ್ಯಾಕ್ಟರುಗಳು ನೇಗಿಲನ್ನು ಸುಮ್ನೆ ಹಿಂದೆ ಕಟ್ಟಿ ಎಳೆಯುತ್ತಿದ್ದವು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕರೆ ಮುಂದಿನ ಚಕ್ರ ಮೇಲೆದ್ದು ಗಾಡಿ ಓಡಿಸುವವನ ಮೇಲೇ ಮಗುಚುತ್ತಿತ್ತು. ಫರ್ಗುಸನ್ ನೇಗಿಲನ್ನು ಮೂರು ಕಡೆ ಹಿಡಿದು ಟ್ರ್ಯಾಕ್ಟರಿನ ಅಂಗವನ್ನಾಗಿಯೇ ಮಾಡಿದರು. ಇವತ್ತು ಯಾವ ಕಂಪನಿಯ ಟ್ರ್ಯಾಕ್ಟರ್ ಹಿಂದೆ ನೋಡಿದರೂ ಅದೇ ಮೂರು ಲಿಂಕ್. 1946ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಅವರ ಬೂದು ಬಣ್ಣದ ಟಿಇ20 ಶುರುವಾಯಿತು. ಹತ್ತು ವರ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು ಗಾಡಿ ಹೊರಬಂದವು. 1956ರಲ್ಲಿ ಅದರ ಜಾಗಕ್ಕೆ 35 ಅನ್ನುವ ಮಾಡೆಲ್ ಬಂತು. ಇಲ್ಲಿ ಮ್ಯಾಸಿ ತಯಾರಿಸುವ ಚೆನ್ನೈನ ಟಾಫೆ ಕಂಪನಿ 1960ರಲ್ಲಿ ಹುಟ್ಟಿದ್ದು ಮ್ಯಾಸಿ ಫರ್ಗುಸನ್ ಜೊತೆ ಸೇರಿ. ನಮ್ಮ 1035 ಆ 35ರ ಮನೆತನದ್ದೇ. ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್, ಮುಂದಕ್ಕೆ ಆರು ಗೇರ್, ಹಿಂದಕ್ಕೆ ಎರಡು.

ನನಗೆ ಈ ಗಾಡಿಯಲ್ಲಿ ತುಂಬ ಇಷ್ಟವಾದದ್ದು ಡ್ರಾಫ್ಟ್ ಕಂಟ್ರೋಲ್. ಸೀಟಿನ ಪಕ್ಕ ಎರಡು ಲಿವರ್ ಇರುತ್ತವೆ, ಅದರಲ್ಲಿ ಒಂದು ಇದಕ್ಕೆ. ನೇಗಿಲಿಗೆ ಗಟ್ಟಿ ಮಣ್ಣು ಸಿಕ್ಕಾಗ ಮೇಲಿನ ಟಾಪ್ ಲಿಂಕ್ ಮುಂದಕ್ಕೆ ಒತ್ತುತ್ತದೆ. ಆ ಒತ್ತಡಕ್ಕೆ ಸೀಟಿನ ಹಿಂದಿರುವ ದಪ್ಪ ಸ್ಪ್ರಿಂಗ್ ಕುಗ್ಗುತ್ತದೆ. ಸ್ಪ್ರಿಂಗ್ ಕುಗ್ಗಿದರೆ ಹೈಡ್ರಾಲಿಕ್ ವಾಲ್ವ್ ತೆರೆದು ನೇಗಿಲು ಒಂದು ಚೂರು ಮೇಲೇಳುತ್ತದೆ. ಮಣ್ಣು ಸಡಿಲವಾದ ಕೂಡಲೇ ಮತ್ತೆ ಇಳಿಯುತ್ತದೆ. ಎತ್ತುವಾಗ ನೇಗಿಲಿನ ಭಾರ ಹಿಂದಿನ ಟೈರುಗಳ ಮೇಲೆ ಬಿದ್ದು ಹಿಡಿತ ಜಾಸ್ತಿ ಆಗುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಬರೀ ಒಂದು ಸ್ಪ್ರಿಂಗ್ ಮತ್ತು ಒಂದು ವಾಲ್ವ್. ನಮ್ಮ ಹೊಲದ ಪಡುವಣ ಮೂಲೆಯಲ್ಲಿ ಜಂಬಿಟ್ಟಿಗೆ ಇದೆ. ಅಲ್ಲಿಗೆ ಬಂದಾಗ ಹಿಂದೆ ತಿರುಗಿ ನೋಡಿದರೆ ನೇಗಿಲನ್ನು ಎತ್ತಿ ಇಳಿಸುವ ಲಿಫ್ಟಿನ ತೋಳು ತಾನಾಗಿ ಒಂದೆರಡು ಬೆರಳಿನಷ್ಟು ಏಳುವುದು ಕಾಣುತ್ತದೆ. ಎಂಜಿನ್ ಸದ್ದು ಸ್ವಲ್ಪ ಬಿಗಿಯುತ್ತದೆ, ಆದರೆ ನಿಲ್ಲುವುದಿಲ್ಲ. ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದು ಇದನ್ನು ತೋರಿಸಿದ್ದೇನೆ.

ಕೊಳ್ಳುವಾಗ ಏನು ನೋಡಬೇಕು? “ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ” ಅಂತ ಮೊದಲೇ ಹೇಳಿ ಬೆಳಿಗ್ಗೆ ಹೋಗಿ. ಹೋದ ಕೂಡಲೇ ಎಂಜಿನ್ ಬ್ಲಾಕ್ ಮೇಲೆ ಕೈ ಇಡಿ. ಅರಸೀಕೆರೆ ಕಡೆ ಒಬ್ಬ ದಲ್ಲಾಳಿ ತೋರಿಸಿದ ಗಾಡಿ ನಾವು ಹೋದಾಗಲೇ ಬೆಚ್ಚಗಿತ್ತು. ಹೊಸ ಕೆಂಪು ಬಣ್ಣ, ಹೊಸ ಸ್ಟಿಕ್ಕರ್, ಮಿರಮಿರ ಮಿಂಚುತ್ತಿತ್ತು. ಓಡುತ್ತಿರುವಾಗ ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನ ಬಾಯಿಗೆ ಕೈ ಹಿಡಿದರೆ ಬುಸುಬುಸು ಹೊಗೆ. ಸಿಲಿಂಡರಿನ ಬೋರ್, ಪಿಸ್ಟನ್ ರಿಂಗ್ ಸವೆದಿರುವ ಗುರುತು ಅದು. ಜೊತೆಗೆ ಬಂದಿದ್ದ ನಮ್ಮ ಮೆಕ್ಯಾನಿಕ್ “ಅಕ್ಕಾ, ಬಣ್ಣ ಬಿಡಿ, ಆಯಿಲ್ ನೋಡಿ” ಅಂದು ಹಿಂದಿನ ಡಿಪ್‌ಸ್ಟಿಕ್ ಎಳೆದು ತೋರಿಸಿದರು. ಮ್ಯಾಸಿಯಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್ಕಿಗೂ ಒಂದೇ ಆಯಿಲ್. ಅದು ಹಾಲು ಬೆರೆಸಿದ ಕಾಫಿಯ ಹಾಗಿತ್ತು. ಒಳಗೆ ನೀರು ಸೇರಿದೆ. ಅಲ್ಲಿಂದ ಹಾಗೇ ಎದ್ದು ಬಂದೆವು.

ಲಿಫ್ಟ್ ಪರೀಕ್ಷೆಗೆ ಅವಸರ ಮಾಡಬೇಡಿ. ಮಣ್ಣು ಸಡಿಲಿಸುವ ಕಲ್ಟಿವೇಟರ್ ಕಟ್ಟಿಸಿ, ಪೂರ್ತಿ ಎತ್ತಿಸಿ, ಎಂಜಿನ್ ಓಡುತ್ತಿರುವಾಗಲೇ ಪಕ್ಕದಲ್ಲಿ ನಿಂತು ನೋಡಿ. ತೋಳು ಒಂದಿಷ್ಟು ಇಳಿದು ತಟ್ಟನೆ ಎದ್ದು, ಮತ್ತೆ ಇಳಿದು, ಹೀಗೆ ಕುಣಿಯುತ್ತಿದ್ದರೆ ಒಳಗೆ ಎಲ್ಲೋ ಆಯಿಲ್ ಸೋರುತ್ತಿದೆ. ಎಂಜಿನ್ ಆಫ್ ಮಾಡಿದ ಕೂಡಲೇ ಕಲ್ಟಿವೇಟರ್ ಕೆಳಗೆ ಕೂತರೂ ಅದೇ ಅರ್ಥ. ಆ ರಿಪೇರಿಗೆ ಸೀಟಿನ ಕೆಳಗಿನ ಇಡೀ ಕವರ್ ಎತ್ತಬೇಕು. ಕೆಲಸ ದೊಡ್ಡದು, ಬೆಲೆಯಲ್ಲಿ ಅದನ್ನು ಕಳೆದೇ ಮಾತಾಡಿ. ಇನ್ನೊಂದು ವಿಷಯ. ಲಿಫ್ಟ್ ಏಳಲಿಲ್ಲ ಅಂದ ತಕ್ಷಣ ಪಂಪ್ ಕೆಟ್ಟಿದೆ ಅಂದುಕೊಳ್ಳಬೇಡಿ. ಇದರ ಪಂಪ್ ಒಳಗಿದ್ದು ಪಿಟಿಒ ಶಾಫ್ಟಿನಿಂದ, ಅಂದರೆ ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ಶಾಫ್ಟಿನಿಂದ, ತಿರುಗುತ್ತದೆ. ಪಿಟಿಒ ಲಿವರ್ ಹಾಕದಿದ್ದರೆ ಲಿಫ್ಟೂ ಏಳುವುದಿಲ್ಲ.

ಇದೇ ಕಾರಣಕ್ಕೆ ಡ್ಯುಯಲ್ ಕ್ಲಚ್ ಇರುವ ಗಾಡಿ ಸಿಕ್ಕರೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಅದನ್ನೇ ತೆಗೆದುಕೊಳ್ಳಿ. ಅರ್ಧ ಒತ್ತಿದರೆ ಚಕ್ರ ನಿಲ್ಲುತ್ತದೆ, ಪಿಟಿಒ ಮತ್ತು ಲಿಫ್ಟ್ ಕೆಲಸ ಮಾಡುತ್ತಲೇ ಇರುತ್ತವೆ. ಸಿಂಗಲ್ ಕ್ಲಚ್‌ನಲ್ಲಿ ಕ್ಲಚ್ ಒತ್ತಿದರೆ ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ. ಪಿಟಿಒದಿಂದ ತಿರುಗಿ ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆಯುವ ಆಸೆ ಇದ್ದವರಿಗೆ ಇದು ದಿನವೂ ಕಾಡುತ್ತದೆ.

ನಾನು ಕೊಂಡದ್ದು 1986ರ ಮಾಡೆಲ್, ಬೇಲೂರು ಕಡೆಯ ಒಬ್ಬ ಹಿರಿಯ ರೈತರಿಂದ, 1,35,000 ರೂಪಾಯಿಗೆ. ಬಣ್ಣ ಮಾಸಿತ್ತು, ಬಾನೆಟ್ ಮೇಲೆ ತಗ್ಗು ಇತ್ತು. ಆದರೆ ತಣ್ಣಗಿದ್ದ ಎಂಜಿನ್ ಸಲೀಸಾಗಿ ಹಿಡಿಯಿತು, ಕಲ್ಟಿವೇಟರ್ ಎತ್ತಿದ್ದು ಎತ್ತಿದಂತೆ ನಿಂತಿತ್ತು. ಬಂದ ಮೇಲೆ ಬ್ರೇಕ್ ಕೆಲಸ ಮಾಡಿಸಿದೆ. ಹಿಂದಿನ ಆಕ್ಸಲ್‌ನ ಆಯಿಲ್ ಸೀಲ್ ಹೋಗಿ ಎಡಗಡೆ ಬ್ರೇಕ್ ಶೂ ಆಯಿಲ್‌ನಲ್ಲಿ ತೊಯ್ದಿತ್ತು. ಹಳೇ ಮ್ಯಾಸಿಗಳಲ್ಲಿ ಇದು ಮಾಮೂಲು. ಸೀಲ್, ಶೂ ಎರಡೂ ಹಾಸನದಲ್ಲಿ ಅದೇ ದಿನ ಸಿಕ್ಕವು. ಮುಂದಿನ ಕಿಂಗ್ ಪಿನ್ ಬುಶ್ ಕೂಡ ಹಾಗೇ.

ಕೊರತೆಗಳೂ ಇವೆ. ಸ್ಟೇರಿಂಗ್ ಭಾರ. ನಿಂತ ಗಾಡಿಯಲ್ಲಿ ತಿರುಗಿಸಲು ಹೋದರೆ ಭುಜ ನೋವು ಬರುತ್ತದೆ, ಸ್ವಲ್ಪ ಉರುಳುತ್ತಿರುವಾಗಲೇ ತಿರುಗಿಸಬೇಕು. ವಾರಗಟ್ಟಲೆ ನಿಂತರೆ ಬ್ಯಾಟರಿ ಇಳಿಯುತ್ತದೆ, ಅದಕ್ಕೆ ಭಾನುವಾರ ಸಂಜೆ ಟರ್ಮಿನಲ್ ಬಿಚ್ಚಿಟ್ಟು ಬರುತ್ತೇನೆ. ಮಳೆಗಾಲದಲ್ಲಿ ಸೈಲೆನ್ಸರ್ ಬಾಯಿಗೆ ಡಬ್ಬ ಕವಚದಿದ್ದರೆ ನೀರು ನೇರ ಎಂಜಿನ್ ಕಡೆ ಹೋಗುತ್ತದೆ. ಡೀಸೆಲ್ ಪೂರ್ತಿ ಖಾಲಿಯಾದರೆ ಪೈಪಿನಲ್ಲಿ ಏರ್ ಹಿಡಿಯುತ್ತದೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತಿ, ಗುಳ್ಳೆ ನಿಲ್ಲುವವರೆಗೆ ಬಿಡಬೇಕು. ಇದನ್ನು ಮೆಕ್ಯಾನಿಕ್ ಹತ್ತಿರ ಕೇಳಿ ನೀವೇ ಕಲಿಯಿರಿ.

ಒಂದು ಮಾತು ಎಲ್ಲಕ್ಕಿಂತ ಮುಖ್ಯ. ಈ ಹಳೇ ಗಾಡಿಗಳಿಗೆ ಮಗುಚಿದರೆ ಕಾಪಾಡುವ ಕಂಬಿ ಇಲ್ಲ. ನಮ್ಮ ಮಲೆನಾಡಿನ ಇಳಿಜಾರಿಗೆ ಇದು ನಿಜವಾದ ಅಪಾಯ. ಅಡ್ಡ ಇಳಿಜಾರಿನಲ್ಲಿ ಓಡಿಸಬೇಡಿ. ಮರದ ದಿಮ್ಮಿ ಎಳೆಯುವಾಗ ಸರಪಳಿಯನ್ನು ಟಾಪ್ ಲಿಂಕಿಗೆ ಎಂದೂ ಕಟ್ಟಬೇಡಿ, ಕೆಳಗಿನ ಡ್ರಾಬಾರ್‌ಗೇ ಕಟ್ಟಿ. ರಸ್ತೆಗೆ ಇಳಿಯುವ ಮುಂಚೆ ಎಡ, ಬಲ ಬ್ರೇಕ್ ಪೆಡಲ್ ಎರಡನ್ನೂ ಸೇರಿಸಿ ಲಾಕ್ ಮಾಡಿ. ಮಕ್ಕಳು ಎಷ್ಟು ಅತ್ತರೂ ಮಡ್‌ಗಾರ್ಡ್ ಮೇಲೆ ಕೂರಿಸಬೇಡಿ. ಗೇರಿನ ಹೈ-ಲೋ ಲಿವರ್ ನಡುವಿಗೆ (ನ್ಯೂಟ್ರಲ್) ಬಾರದೆ ಸೆಲ್ಫ್ ಸ್ಟಾರ್ಟರ್ ತಿರುಗದಂತೆ ಒಂದು ಸ್ವಿಚ್ ಇರುತ್ತದೆ. ಹಲವು ಗಾಡಿಗಳಲ್ಲಿ ಅದರ ವೈರ್ ನೇರ ಮಾಡಿಬಿಟ್ಟಿರುತ್ತಾರೆ. ನಾನು ಸರಿ ಮಾಡಿಸಿದೆ, ನೀವೂ ಮಾಡಿಸಿ.

ಆರ್‌ಸಿ ನೋಡದೆ ಮುಂಗಡ ಕೊಡಬೇಡಿ. ನೋಂದಣಿ ಇರುವುದು 15 ವರ್ಷಕ್ಕೆ. ಆಮೇಲೆ ನವೀಕರಿಸಿದ್ದಾರಾ ಕೇಳಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಬಟ್ಟೆಯಲ್ಲಿ ಒರೆಸಿ ನೀವೇ ಓದಿ. ಬ್ಯಾಂಕ್ ಸಾಲ ಆರ್‌ಸಿಯಲ್ಲಿ ಹಾಗೇ ಉಳಿದಿದ್ದರೆ ಮಾರುವವರೇ ತೆಗೆಸಿಕೊಡಲಿ. ಹೆಸರು ಬದಲಾವಣೆಗೆ ಫಾರಂ 29, 30 ಎರಡಕ್ಕೂ ಅವರ ಸಹಿ ಆ ದಿನವೇ ಪಡೆಯಿರಿ.

ನನ್ನ ಹತ್ತಿರ ಈಗ ಕಲ್ಟಿವೇಟರ್ ಇದೆ, ಟ್ರೈಲರ್ ಇದೆ. ಡ್ರಾಫ್ಟ್ ಕಂಟ್ರೋಲ್ ಪೂರ್ತಿ ಕೆಲಸಕ್ಕೆ ಬರುವುದು ಎರಡು ಕುಳದ ರೆಕ್ಕೆ ನೇಗಿಲು ಕಟ್ಟಿದಾಗ. ಪಕ್ಕದ ಹೊಲದವರಿಂದ ಕೇಳಿ ತಂದು ಈ ವರ್ಷ ಹೊಡೆದೆ. ಹಾಸನ, ಚಿಕ್ಕಮಗಳೂರು ಕಡೆ ಯಾರ ಕೊಟ್ಟಿಗೆಯಲ್ಲಾದರೂ ಅಂಥ ಹಳೇ ನೇಗಿಲು ಸುಮ್ನೆ ಬಿದ್ದಿದ್ದರೆ, ತುಕ್ಕು ಹಿಡಿದಿದ್ದರೂ ಪರವಾಗಿಲ್ಲ, ಕೊಳ್ಳಲು ನಾನು ತಯಾರಿದ್ದೇನೆ.