ಆಟ ಪದೇ ಪದೇ ಕ್ರ್ಯಾಶ್ ಆಗ್ತಿದೆಯಾ? ಮೊದಲು ಒಂದು ರಾತ್ರಿ ಮೆಮ್‌ಟೆಸ್ಟ್86 ಓಡಿಸಿ

ಶನಿವಾರ ರಾತ್ರಿ 10 ಗಂಟೆ ಅಂದರೆ ನನಗೂ ನನ್ನ ತಮ್ಮನಿಗೂ ಆಟದ ಹೊತ್ತು. ನಾನು ದಾವಣಗೆರೆಯಲ್ಲಿ, ಅವನು ಜರ್ಮನಿಯಲ್ಲಿ. ಚಳಿಗಾಲದಲ್ಲಿ ಅಲ್ಲಿ ಆಗ ಸಂಜೆ ಐದೂವರೆ. ವಾರವಿಡೀ ಇಬ್ಬರೂ ಫೋನ್ ಮಾಡಿ ‘ಊಟ ಆಯ್ತಾ’ ಅನ್ನೋದಕ್ಕಿಂತ ಜಾಸ್ತಿ ಮಾತಾಡುವುದಿಲ್ಲ, ಆದರೆ ಹೆಡ್‌ಫೋನ್ ಹಾಕಿಕೊಂಡು ಆಟ ಶುರು ಮಾಡಿದರೆ ಮನೆ, ಅಮ್ಮನ ಮಂಡಿನೋವು, ಅವನ ಕೆಲಸ, ಎಲ್ಲವೂ ತಾನಾಗೇ ಬರುತ್ತದೆ. ದೀಪಾವಳಿ ಆದ ಮೇಲಿನ ಮೊದಲ ಶನಿವಾರ ಆಟ ನಾಲ್ಕು ಸಲ ಕ್ರ್ಯಾಶ್ ಆಯಿತು. ಮುಂದಿನ ಶನಿವಾರ ಏಳು ಸಲ. ಅವನು ‘ಬಿಡೋ, ಮುಂದಿನ ವಾರ ನೋಡೋಣ’ ಅಂದಾಗ ನಿಜಕ್ಕೂ ಬೇಜಾರಾಯಿತು.

ಆಟದ ಹೆಸರು ಬರೆಯುತ್ತಿಲ್ಲ, ತಪ್ಪು ಅದರದ್ದಲ್ಲ. ಇದು ಆ ಆಟದ ರಿವ್ಯೂ ಕೂಡ ಅಲ್ಲ. ಎರಡು ವಾರ ನಾನು ಎಲ್ಲೆಲ್ಲೋ ಹುಡುಕಿದ ತಪ್ಪನ್ನು 40 ನಿಮಿಷದೊಳಗೆ ತೋರಿಸಿದ ಒಂದು ಪುಕ್ಕಟೆ ಟೂಲ್‌ನ ರಿವ್ಯೂ. ಹೆಸರು ಮೆಮ್‌ಟೆಸ್ಟ್86, ಕಂಪ್ಯೂಟರ್‌ನ ಮೆಮೊರಿ ಸರಿ ಇದೆಯಾ ಅಂತ ಪರೀಕ್ಷೆ ಮಾಡುವ ಪ್ರೋಗ್ರಾಂ. ಗೇಮ್ ಆಡುವ ಪಿಸಿ ಇರುವ ಪ್ರತಿ ಮನೆಯಲ್ಲೂ ಇದು ಒಂದು ಪೆನ್‌ಡ್ರೈವ್‌ನಲ್ಲಿ ಇರಬೇಕು ಅನ್ನುವುದು ನನ್ನ ಮಾತು.

ಮೊದಲು ನಾನು ಏನೇನು ಮಾಡಿದೆ ಹೇಳುತ್ತೇನೆ, ಯಾಕೆಂದರೆ ನೀವೂ ಇದೇ ದಾರಿಯಲ್ಲಿ ಹೋಗಿರುತ್ತೀರಿ. ಆಟ ಕೊಂಡು ಇಳಿಸಿಕೊಳ್ಳುವ ಸ್ಟೀಮ್ ಪ್ರೋಗ್ರಾಂನಲ್ಲಿ ಆಟದ ಫೈಲುಗಳು ಸರಿ ಇವೆಯಾ ಅಂತ ವೆರಿಫೈ ಮಾಡಿದೆ. ಸೇಫ್ ಮೋಡ್‌ಗೆ ಹೋಗಿ ಡಿಡಿಯು ಅನ್ನುವ ಟೂಲ್ ಹಾಕಿ ಗ್ರಾಫಿಕ್ಸ್ ಡ್ರೈವರ್ ಪೂರ್ತಿ ತೆಗೆದು, ಹೊಸದಾಗಿ ಹಾಕಿದೆ. ಗ್ರಾಫಿಕ್ಸ್‌ಗಾಗಿ ಉಳಿಸಿಟ್ಟ ಶೇಡರ್ ಕ್ಯಾಶ್ ಫೈಲುಗಳನ್ನು ಅಳಿಸಿದೆ. ಆಟದ ಮೇಲೆ ತೇಲುವ ಓವರ್‌ಲೇ ಕಿಟಕಿಗಳೆಲ್ಲ ಆಫ್. ಬಿಸಿ ಆಗುತ್ತಿದೆಯಾ ಅಂತ ಎಚ್‌ಡಬ್ಲ್ಯುಇನ್ಫೋ ಅನ್ನುವ ಟೂಲ್‌ನಲ್ಲಿ ನೋಡಿದೆ, ಗ್ರಾಫಿಕ್ಸ್ ಕಾರ್ಡ್ 71 ಡಿಗ್ರಿ, ಪ್ರೊಸೆಸರ್ 68. ಏನೂ ತೊಂದರೆ ಇಲ್ಲ. ಆಮೇಲೆ ಇಲ್ಲೇ ಒಂದು ರಿಪೇರಿ ಅಂಗಡಿಗೆ ಸಿಪಿಯು ಹೊತ್ತುಕೊಂಡು ಹೋದೆ. ‘ವಿಂಡೋಸ್ ಫಾರ್ಮ್ಯಾಟ್ ಮಾಡ್ಬೇಕು ಸರ್, ಆಗ್ಲಿಲ್ಲ ಅಂದ್ರೆ ಎಸ್‌ಎಂಪಿಎಸ್ ಬದಲಾಯಿಸೋಣ’ ಅಂದರು, ಅಂದರೆ ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ. ಒಳಗೆ ಏನನ್ನೂ ಪರೀಕ್ಷೆ ಮಾಡದೆ ಹೇಳಿದ ಮಾತದು. ನಾನು ವಾಪಸ್ ತಂದೆ.

ಅಸಲಿ ಸುಳಿವು ಮೊದಲ ದಿನವೇ ಸಿಕ್ಕಿತ್ತು, ನನಗೆ ಅದು ಸುಳಿವು ಅಂತ ಗೊತ್ತಾಗಲಿಲ್ಲ. ಸ್ಟೀಮ್ ವೆರಿಫೈ ಮಾಡಿದಾಗ ಒಂದು ಫೈಲ್ ಸರಿ ಇಲ್ಲ, ಮತ್ತೆ ಇಳಿಸಿಕೊಳ್ಳುತ್ತೇನೆ ಅಂತ ಹೇಳಿತು. ಇಳಿಸಿಕೊಂಡಿತು. ಸುಮ್ನೆ ಇನ್ನೊಂದು ಸಲ ವೆರಿಫೈ ಮಾಡಿದೆ, ಮತ್ತೆ ಎರಡು ಫೈಲ್ ಸರಿ ಇಲ್ಲ ಅಂತು. ಮೂರನೇ ಸಲ ಒಂದು. ಡಿಸ್ಕ್‌ನಲ್ಲಿರುವ ಫೈಲ್ ನಿಜವಾಗಲೂ ಹಾಳಾಗಿದ್ದರೆ ಒಂದು ಸಲ ಸರಿ ಮಾಡಿದ ಮೇಲೆ ಸುಮ್ಮನಿರಬೇಕು ಅಲ್ವಾ? ಪ್ರತಿ ಸಲ ಲೆಕ್ಕ ಬದಲಾಗುತ್ತಿದೆ ಅಂದರೆ ಬಹುಶಃ ಫೈಲ್ ಸರಿಯಾಗೇ ಇದೆ, ಅದನ್ನು ಓದಿ ತಂದು ಇಟ್ಟುಕೊಳ್ಳುವ ಜಾಗದಲ್ಲಿ ಎಡವಟ್ಟಾಗುತ್ತಿದೆ. ಆ ಜಾಗವೇ ರ್‍ಯಾಮ್. ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ಒಮ್ಮೆ ಸಿಆರ್‌ಸಿ ಎರರ್ (ಫೈಲ್ ಹಾಳಾಗಿದೆ ಅನ್ನುವ ಸೂಚನೆ) ಬಂದು, ಮತ್ತೆ ಬಿಚ್ಚಿದರೆ ಸರಿಯಾಗಿ ಬಿಚ್ಚಿಕೊಂಡರೆ ಅದೂ ಇದೇ ಕಥೆ.

ಇನ್ನೊಂದು ಸುಳಿವು ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಇವೆಂಟ್ ವ್ಯೂವರ್‌ನಲ್ಲಿತ್ತು. ವಿಂಡೋಸ್ ಲಾಗ್ಸ್ ಒಳಗೆ ಅಪ್ಲಿಕೇಶನ್ ತೆರೆದು, ಕ್ರ್ಯಾಶ್ ಆದ ಸಮಯಕ್ಕೆ ಇವೆಂಟ್ 1000 ಅಂತ ಕೆಂಪು ಗುರುತು ಇದೆಯಾ ನೋಡಿ. ಅದರಲ್ಲಿ ‘ಫಾಲ್ಟಿಂಗ್ ಮಾಡ್ಯೂಲ್’ ಅಂತ, ಯಾವ ಫೈಲ್‌ನಲ್ಲಿ ತಪ್ಪಾಯಿತು ಅನ್ನುವ ಒಂದು ಸಾಲು ಇರುತ್ತದೆ. ನನಗೆ ಒಂದು ಸಲ ಆಟದ ಫೈಲ್ ಹೆಸರೇ ಬಂತು, ಇನ್ನೊಂದು ಸಲ ಗ್ರಾಫಿಕ್ಸ್ ಡ್ರೈವರ್, ಮತ್ತೊಂದು ಸಲ ವಿಂಡೋಸ್‌ನದ್ದೇ ಫೈಲ್ ಎನ್‌ಟಿಡಿಎಲ್‌ಎಲ್. ಕೋಡ್ ಮಾತ್ರ ಹೆಚ್ಚು ಕಡಿಮೆ ಯಾವಾಗಲೂ 0ಎಕ್ಸ್‌ಸಿ0000005. ಅಂದರೆ ಪ್ರೋಗ್ರಾಂ ತನಗೆ ಸೇರದ ಮೆಮೊರಿ ಜಾಗಕ್ಕೆ ಕೈ ಹಾಕಿತು ಅಂತ. ಇದು ಆಟದ ಬಗ್‌ನಿಂದಲೂ ಬರಬಹುದು. ಆದರೆ ಬಗ್ ಆದರೆ ಸಾಮಾನ್ಯವಾಗಿ ಅದೇ ಜಾಗದಲ್ಲಿ, ಅದೇ ಮಾಡ್ಯೂಲ್ ಹೆಸರಲ್ಲಿ ಬೀಳುತ್ತದೆ. ಪ್ರತಿ ಸಲ ಬೇರೆ ಬೇರೆ ಹೆಸರು ಬಂದರೆ ಹಾರ್ಡ್‌ವೇರ್ ಕಡೆ ತಿರುಗಿ ನೋಡಬೇಕು. ಇಷ್ಟೆಲ್ಲ ಹುಡುಕುವುದು ಬೇಡ ಅನ್ನುವವರು ವಿಂಡೋಸ್‌ನ ಸರ್ಚ್‌ನಲ್ಲಿ ರಿಲಯಬಿಲಿಟಿ ಅಂತ ಹೊಡೆದರೆ ದಿನದ ಲೆಕ್ಕದಲ್ಲಿ ಎಲ್ಲ ಕ್ರ್ಯಾಶ್‌ಗಳೂ ಒಂದೇ ಪಟ್ಟಿಯಲ್ಲಿ ಕಾಣುತ್ತವೆ. ಆ ಪಟ್ಟಿ ನೋಡಿದಾಗಲೇ ನನಗೆ ತಲೆಗೆ ಹೊಳೆದದ್ದು, ಮೊದಲ ಕ್ರ್ಯಾಶ್ ಆದದ್ದು ಹಬ್ಬದ ಆಫರ್‌ನಲ್ಲಿ ತೆಗೆದುಕೊಂಡ ಎರಡು ಹೊಸ ರ್‍ಯಾಮ್ ಕಡ್ಡಿ ಹಾಕಿದ ಎರಡು ದಿನಕ್ಕೆ. ಅದೇ ವಾರ ಗ್ರಾಫಿಕ್ಸ್ ಡ್ರೈವರ್ ಕೂಡ ಅಪ್‌ಡೇಟ್ ಆಗಿತ್ತು, ನಾನು ಪೂರ್ತಿ ಅದರ ಹಿಂದೆ ಬಿದ್ದಿದ್ದೆ.

ಈಗ ಟೂಲ್ ವಿಷಯ. ಮೆಮ್‌ಟೆಸ್ಟ್86 ಹೊಸದಲ್ಲ, ಕ್ರಿಸ್ ಬ್ರೇಡಿ ಅನ್ನುವವರು 1994ರಲ್ಲಿ ಬರೆದದ್ದು. 2013ರಿಂದ ಪಾಸ್‌ಮಾರ್ಕ್ ಕಂಪನಿ ನೋಡಿಕೊಳ್ಳುತ್ತಿದೆ. ಇದು ವಿಂಡೋಸ್ ಒಳಗೆ ಓಡುವುದಿಲ್ಲ. ಪೆನ್‌ಡ್ರೈವ್‌ನಿಂದ ನೇರವಾಗಿ ಬೂಟ್ ಆಗುತ್ತದೆ. ಅದೇ ಇದರ ದೊಡ್ಡ ಬಲ. ವಿಂಡೋಸ್ ಓಡುತ್ತಿದ್ದರೆ ರ್‍ಯಾಮ್‌ನ ಒಂದು ಭಾಗ ಅದರ ಕೈಯಲ್ಲೇ ಇರುತ್ತದೆ, ಆ ಭಾಗವನ್ನು ಬೇರೆ ಪ್ರೋಗ್ರಾಂ ಮುಟ್ಟಿ ನೋಡಲು ಆಗುವುದಿಲ್ಲ. ಹೊರಗಿನಿಂದ ಬೂಟ್ ಆದರೆ ಹೆಚ್ಚು ಕಡಿಮೆ ಇಡೀ ಮೆಮೊರಿ ಖಾಲಿ ಸಿಗುತ್ತದೆ.

ಹಾಕುವುದು ಸುಲಭ. ಪಾಸ್‌ಮಾರ್ಕ್ ಸೈಟಿನಿಂದ ಪುಕ್ಕಟೆ ಆವೃತ್ತಿಯ ಜಿಪ್ ಇಳಿಸಿಕೊಳ್ಳಿ. ಅದರೊಳಗೇ ಇಮೇಜ್‌ಯುಎಸ್‌ಬಿ ಅನ್ನುವ ಸಣ್ಣ ಪ್ರೋಗ್ರಾಂ ಇದೆ, ಅದರಿಂದ ಪೆನ್‌ಡ್ರೈವ್‌ಗೆ ಬರೆಯಬೇಕು. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೋ ಇರುವುದನ್ನು ತೆಗೆದುಕೊಳ್ಳಬೇಡಿ. ನನಗೆ ಹಳೆಯ 4 ಜಿಬಿಯದ್ದೇ ಸಾಕಾಯಿತು. ಆಮೇಲೆ ರೀಸ್ಟಾರ್ಟ್ ಮಾಡಿ ಬೂಟ್ ಮೆನು ಕೀ ಒತ್ತಬೇಕು, ಮದರ್‌ಬೋರ್ಡ್ ನೋಡಿಕೊಂಡು ಎಫ್8, ಎಫ್11 ಅಥವಾ ಎಫ್12 ಇರುತ್ತದೆ. ಪೆನ್‌ಡ್ರೈವ್ ಆರಿಸಿದರೆ ಮುಗಿಯಿತು. ಈಗಿನ ಆವೃತ್ತಿಗೆ ಯುಇಎಫ್‌ಐ (ಪಿಸಿ ಶುರು ಮಾಡುವ ಬಯೋಸ್‌ನ ಹೊಸ ರೂಪ) ಇರುವ ಬೋರ್ಡ್ ಬೇಕು. ತೀರಾ ಹಳೆಯ ಪಿಸಿ ಆದರೆ ಮೆಮ್‌ಟೆಸ್ಟ್86+ ಅಂತ ಕೊನೆಯಲ್ಲಿ ಪ್ಲಸ್ ಇರುವ ಬೇರೆಯೇ ಟೂಲ್ ಇದೆ, ಅದು ಓಪನ್ ಸೋರ್ಸ್, ಹಳೆಯ ಬಯೋಸ್‌ನಲ್ಲೂ ಓಡುತ್ತದೆ. ಹೆಸರು ಒಂದೇ ಥರ ಇರುವುದರಿಂದ ತುಂಬಾ ಜನ ಎರಡೂ ಒಂದೇ ಅಂದುಕೊಂಡಿದ್ದಾರೆ.

ಅದು ಮಾಡುವ ಕೆಲಸ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಮೆಮೊರಿಯ ಪ್ರತಿ ಜಾಗದಲ್ಲೂ ಒಂದು ಸಂಖ್ಯೆ ಬರೆಯುತ್ತದೆ, ಆಮೇಲೆ ಹೋಗಿ ಓದುತ್ತದೆ. ಬರೆದದ್ದೇ ಸಿಕ್ಕರೆ ಸರಿ. ಪಕ್ಕದ ಮನೆಯವರ ಹತ್ತಿರ 100 ರೂಪಾಯಿ ಇಡಲು ಕೊಟ್ಟು, ಸಂಜೆ ಕೇಳಿದಾಗ 99 ಕೊಟ್ಟರೆ ಹೇಗೋ ಹಾಗೆ, ಒಂದೇ ಒಂದು ಬಿಟ್ (ಒಂದು 0 ಅಥವಾ 1) ಬದಲಾಗಿದ್ದರೂ ಹಿಡಿಯುತ್ತದೆ. ಹೀಗೆ ಬೇರೆ ಬೇರೆ ನಮೂನೆಗಳಲ್ಲಿ ಪರೀಕ್ಷೆ ಮಾಡುತ್ತದೆ, ಯಾಕೆಂದರೆ ಕೆಲವು ಜಾಗಗಳು ಒಂದು ನಮೂನೆಗೆ ಸರಿಯಾಗಿ ಉತ್ತರ ಕೊಟ್ಟು ಇನ್ನೊಂದಕ್ಕೆ ತಪ್ಪುತ್ತವೆ. ಎಲ್ಲ ಪರೀಕ್ಷೆ ಒಂದು ಸುತ್ತು ಮುಗಿದರೆ ಒಂದು ಪಾಸ್. ಪುಕ್ಕಟೆ ಆವೃತ್ತಿಯಲ್ಲಿ 4 ಪಾಸ್ ತನಕ ಓಡುತ್ತದೆ. ಮನೆ ಬಳಕೆಗೆ ಅದು ಧಾರಾಳ.

ರಾತ್ರಿ ಊಟ ಮುಗಿಸಿ ಶುರು ಮಾಡಿ ಪಕ್ಕದಲ್ಲೇ ಕೂತಿದ್ದೆ. 37ನೇ ನಿಮಿಷಕ್ಕೆ ಪರದೆಯ ಮೇಲೆ ಎರರ್ ಲೆಕ್ಕ ಸೊನ್ನೆಯಿಂದ ಮೇಲೆ ಹೋಯಿತು. ಏಳನೇ ಪರೀಕ್ಷೆಯಲ್ಲಿ. ಬರೆದದ್ದು ಇಷ್ಟು, ಓದಿದ್ದು ಇಷ್ಟು ಅಂತ ಎರಡೂ ಸಂಖ್ಯೆ ಪಕ್ಕಪಕ್ಕ ತೋರಿಸಿತು, ಒಂದೇ ಅಕ್ಷರ ವ್ಯತ್ಯಾಸ. ಎರಡು ವಾರದ ಮೇಲೆ ಕಾರಣ ಕಣ್ಣಿಗೆ ಕಂಡಾಗ ಆದ ಸಮಾಧಾನ ಬರೆದು ಹೇಳಲು ಆಗುವುದಿಲ್ಲ. ಮೊಬೈಲ್‌ನಲ್ಲಿ ಪರದೆಯ ಫೋಟೋ ತೆಗೆದುಕೊಂಡೆ, ನೀವೂ ತೆಗೆದುಕೊಳ್ಳಿ, ವಾರಂಟಿಗೆ ಅದೇ ಆಧಾರ.

ಒಂದು ಮಾತು ಇಲ್ಲಿ ಹೇಳಬೇಕು. ಎರರ್ ಬಂತು ಅಂತ ತಕ್ಷಣ ಕಡ್ಡಿ ಕೆಟ್ಟಿದೆ ಅಂತ ತೀರ್ಮಾನ ಮಾಡಬೇಡಿ. ಬಯೋಸ್‌ನಲ್ಲಿ ಮೆಮೊರಿಯ ವೇಗ ಏರಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಇದೆಯಾ ನೋಡಿ. ಡಬ್ಬದ ಮೇಲೆ 3200 ಅಂತ ಬರೆದಿರುವ ಎಷ್ಟೋ ಡಿಡಿಆರ್4 ಕಡ್ಡಿಗಳು ಆ ವೇಗ ಮುಟ್ಟುವುದು ಎಕ್ಸ್‌ಎಂಪಿ ಆನ್ ಮಾಡಿದಾಗ ಮಾತ್ರ, ಅದಕ್ಕೆ ಮಾಮೂಲಿ 1.2 ವೋಲ್ಟ್ ಬದಲು 1.35 ವೋಲ್ಟ್ ಕೊಡಬೇಕಾಗುತ್ತದೆ. ಅಂದರೆ ಅದು ಒಂಥರಾ ಓವರ್‌ಕ್ಲಾಕ್, ಮಾಮೂಲಿಗಿಂತ ಜಾಸ್ತಿ ವೇಗದಲ್ಲಿ ಓಡಿಸುವುದು. ಎರಡು ಕಡ್ಡಿಗೆ ಸರಿಯಾಗಿ ನಡೆಯುವ ವೇಗ ನಾಲ್ಕು ಕಡ್ಡಿ ಹಾಕಿದಾಗ ನಡೆಯದೇ ಇರಬಹುದು, ಅದರಲ್ಲೂ ಬೇರೆ ಬೇರೆ ಸಲ ಕೊಂಡ ಕಡ್ಡಿಗಳನ್ನು ಬೆರೆಸಿದರೆ. ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಓಡಿಸಿದಾಗ ಎರರ್ ಹೋದರೆ ಹೆಚ್ಚಾಗಿ ಕಡ್ಡಿ ಕೆಟ್ಟಿರುವುದಿಲ್ಲ, ವೇಗ ಸ್ವಲ್ಪ ಇಳಿಸಿಕೊಂಡರೆ ಸಾಕು, ಒಂದು ರೂಪಾಯಿ ಖರ್ಚಿಲ್ಲ. ನನ್ನದು ಆಫ್ ಮಾಡಿ 2133ರಲ್ಲಿ ಓಡಿಸಿದರೂ ಎರರ್ ಬಂತು.

ಯಾವ ಕಡ್ಡಿ ಅಂತ ಟೂಲ್ ನನಗೆ ಹೇಳಲಿಲ್ಲ. ನನಗೆ ಕಂಡ ದೊಡ್ಡ ಕೊರತೆ ಇದೇ. ಭಾನುವಾರ ಪೂರ್ತಿ ಒಂದೊಂದೇ ಕಡ್ಡಿ ಹಾಕಿ ಒಂದೊಂದು ಪಾಸ್ ಓಡಿಸಿದೆ. ಒಂದೇ ಕಡ್ಡಿ ಹಾಕುವಾಗ ಯಾವ ಸ್ಲಾಟ್ ಅಂತ ಬೋರ್ಡ್‌ನ ಪುಸ್ತಕದಲ್ಲಿ ಇರುತ್ತದೆ, ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯದು. ಹಳೆಯ ಎರಡೂ ಸರಿ. ಹೊಸದರಲ್ಲಿ ಒಂದು ಸರಿ. ಇನ್ನೊಂದು ಹಾಕಿದ ಕೂಡಲೇ ಎರರ್. ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರ್‌ನಿಂದ ಮೆತ್ತಗೆ ಉಜ್ಜಿ ಮತ್ತೆ ಹಾಕಿದೆ. ನಮ್ಮ ಕಡೆ ಎಲ್ಲ ಮೆಕ್ಯಾನಿಕ್‌ಗಳೂ ಮೊದಲು ಮಾಡುವುದು ಇದನ್ನೇ, ಧೂಳು ಅಥವಾ ಕಿಲುಬಿನಿಂದ ಸಂಪರ್ಕ ತಪ್ಪಿದ್ದರೆ ನಿಜಕ್ಕೂ ಸರಿಹೋಗುತ್ತದೆ. ನನ್ನದು ಸರಿಹೋಗಲಿಲ್ಲ. ಬೇರೆ ಸ್ಲಾಟ್‌ಗೆ ಹಾಕಿ ನೋಡಿದೆ, ಅಲ್ಲೂ ಎರರ್. ಅಲ್ಲಿಗೆ ಬೋರ್ಡ್ ಸರಿ ಇದೆ, ಕಡ್ಡಿಯೇ ಕೆಟ್ಟಿದೆ ಅಂತ ಖಾತ್ರಿಯಾಯಿತು.

ಹಾಗಾದರೆ ಬ್ರೌಸರ್, ಆಫೀಸ್ ಕೆಲಸ ಎಲ್ಲ ಸರಿಯಾಗಿ ನಡೆಯುತ್ತಿತ್ತಲ್ಲ ಅಂತ ತಮ್ಮ ಕೇಳಿದ. ಕೆಟ್ಟದ್ದು ಕಡ್ಡಿಯ ಒಂದು ಚಿಕ್ಕ ಮೂಲೆ ಮಾತ್ರ. ಸಣ್ಣ ಕೆಲಸಗಳು ಆ ಮೂಲೆಯ ತನಕ ಹೋಗುವುದು ಅಪರೂಪ, ಹೋದರೂ ಒಂದು ಚಿತ್ರದ ಒಂದು ಚುಕ್ಕೆ ಬಣ್ಣ ಬದಲಾದರೆ ನಮಗೆ ಕಾಣುವುದೇ ಇಲ್ಲ. ದೊಡ್ಡ ಆಟ ಮಾತ್ರ ಜಿಬಿಗಟ್ಟಲೆ ಮೆಮೊರಿ ತುಂಬಿಸುತ್ತದೆ, ಒತ್ತಿಟ್ಟ ಫೈಲುಗಳನ್ನು ಕ್ಷಣ ಕ್ಷಣಕ್ಕೂ ಬಿಚ್ಚುತ್ತಿರುತ್ತದೆ, ಅಲ್ಲಿ ಒಂದು ಬಿಟ್ ತಪ್ಪಿದರೂ ಮುಗಿಯಿತು. ನನಗೆ ಆಮೇಲೆ ಭಯ ಹುಟ್ಟಿಸಿದ್ದು ಇದೇ. ಆ ಎರಡು ವಾರ ನಾನು ಇದೇ ಪಿಸಿಯಲ್ಲಿ ಅಮ್ಮನ ಹಳೆಯ ಫೋಟೋಗಳನ್ನು ಕಾಪಿ ಮಾಡಿದ್ದೆ. ಕೆಟ್ಟ ರ್‍ಯಾಮ್ ಮೂಲಕ ಹೋದ ಕಾಪಿ ಸದ್ದಿಲ್ಲದೆ ಹಾಳಾಗಿರಬಹುದು. ಎಲ್ಲವನ್ನೂ ಮೂಲದಿಂದ ಮತ್ತೆ ಕಾಪಿ ಮಾಡಿದೆ. ಆಟದ ಕ್ರ್ಯಾಶ್ ಬರೀ ಆಟದ ವಿಷಯ ಅಲ್ಲ ಅಂತ ಹೇಳುವುದು ಅದಕ್ಕೇ.

ಕೊರತೆಗಳೂ ಇವೆ. ಓಡುವಾಗ ಪಿಸಿಯಲ್ಲಿ ಬೇರೆ ಏನೂ ಮಾಡಲು ಆಗುವುದಿಲ್ಲ, 32 ಜಿಬಿ ಇದ್ದರೆ 4 ಪಾಸ್‌ಗೆ ಒಂದು ರಾತ್ರಿ ಬೇಕೇ ಬೇಕು. ನಡುವೆ ಕರೆಂಟ್ ಹೋದರೆ ಮೊದಲಿನಿಂದ ಶುರು, ಯುಪಿಎಸ್ ಇಲ್ಲದವರಿಗೆ ಇದು ತಲೆನೋವು. ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿಯನ್ನು ಇದು ನೋಡುವುದಿಲ್ಲ. ಕೊನೆಯ 13ನೇ ಪರೀಕ್ಷೆ ಹ್ಯಾಮರ್ ಟೆಸ್ಟ್, ಅಂದರೆ ಮೆಮೊರಿಯ ಒಂದು ಜಾಗವನ್ನು ಬಿಡದೆ ಬಳಸಿ ಪಕ್ಕದ ಜಾಗ ಕೆಡುತ್ತದೆಯಾ ನೋಡುವುದು, ಅದರಲ್ಲಿ ಮಾತ್ರ ಎರರ್ ಬಂದು ಉಳಿದದ್ದೆಲ್ಲ ಸರಿ ಇದ್ದರೆ ಗಾಬರಿ ಬೀಳಬೇಡಿ, ದಿನದ ಬಳಕೆಯಲ್ಲಿ ಅಂಥ ಒತ್ತಡ ಬರುವುದು ತೀರಾ ಕಮ್ಮಿ. ವಿಂಡೋಸ್‌ನಲ್ಲೇ ಒಂದು ಮೆಮೊರಿ ಟೆಸ್ಟ್ ಇದೆಯಲ್ಲ ಅಂದರೆ, ಇದೆ, ಬೇಗ ನೋಡಲು ಅದೂ ಆಗುತ್ತದೆ. ಆದರೆ ಶುರುವಾದ ಮೇಲೆ ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಆರಿಸಿಕೊಳ್ಳಿ, ಮಾಮೂಲಿ ಮೋಡ್ ಮೇಲೆ ಭಾರ ಹಾಕಬೇಡಿ.

ನಿಮ್ಮದು ಇಂಟೆಲ್‌ನ 13 ಅಥವಾ 14ನೇ ತಲೆಮಾರಿನ ಐ7, ಐ9 ಆದರೆ ರ್‍ಯಾಮ್‌ಗಿಂತ ಮೊದಲು ಬಯೋಸ್ ಅಪ್‌ಡೇಟ್ ಆಗಿದೆಯಾ ನೋಡಿ. ಜಾಸ್ತಿ ವೋಲ್ಟೇಜ್‌ನಿಂದ ಅವು ಅಸ್ಥಿರ ಆಗುತ್ತಿವೆ ಅಂತ 2024ರಲ್ಲಿ ಇಂಟೆಲ್ಲೇ ಒಪ್ಪಿಕೊಂಡು, ಆಗಸ್ಟ್‌ನಲ್ಲಿ ಒಂದು, ಸೆಪ್ಟೆಂಬರ್‌ನಲ್ಲಿ ಇನ್ನೊಂದು ಮೈಕ್ರೋಕೋಡ್ (ಬಯೋಸ್ ಅಪ್‌ಡೇಟ್ ಮೂಲಕ ಬರುವ ಪ್ರೊಸೆಸರ್ ತಿದ್ದುಪಡಿ) ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಬೇಕಾದಷ್ಟು ಮೆಮೊರಿ ಇದ್ದರೂ ‘ಔಟ್ ಆಫ್ ವಿಡಿಯೋ ಮೆಮೊರಿ’ ಅಂತ ಆಟ ಬೀಳುವುದು ಅದರ ಒಂದು ಗುರುತು.

ನನ್ನ ಕಡ್ಡಿ ವಾರಂಟಿಯಲ್ಲಿ ಬದಲಾಯಿತು. ಬಿಲ್ಲು ಮತ್ತು ಆ ಫೋಟೋ ಕಳಿಸಿದೆ. ಜೋಡಿಯಾಗಿ ಕೊಂಡದ್ದಾದ್ದರಿಂದ ಎರಡನ್ನೂ ಒಟ್ಟಿಗೆ ಕಳಿಸಿ ಅಂದರು, ಹಾಗಾಗಿ 12 ದಿನ ಹಳೆಯ 16 ಜಿಬಿಯಲ್ಲೇ ಇದ್ದೆ, ಆಟ ಸ್ವಲ್ಪ ತಡವರಿಸಿದರೂ ಒಂದು ಸಲವೂ ಬೀಳಲಿಲ್ಲ. ಹೊಸ ಜೋಡಿ ಬಂದ ದಿನ ವಿಂಡೋಸ್‌ಗೆ ಹೋಗುವ ಮುಂಚೆಯೇ ಪೆನ್‌ಡ್ರೈವ್ ಚುಚ್ಚಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ 4 ಪಾಸ್, ಎರರ್ ಸೊನ್ನೆ. ಸ್ಟೀಮ್‌ನಲ್ಲಿ ಮೂರು ಸಲ ವೆರಿಫೈ ಮಾಡಿದೆ, ಮೂರು ಸಲವೂ ಎಲ್ಲ ಫೈಲ್ ಸರಿ ಅಂತು.

ಹೋದ ಶನಿವಾರ ರಾತ್ರಿ 10ಕ್ಕೆ ಕೂತವರು ಒಂದೂವರೆ ತನಕ ಆಡಿದೆವು. ತಮ್ಮ ಸಂಕ್ರಾಂತಿಗೆ ಬರುತ್ತಾನಂತೆ, ಟಿಕೆಟ್ ತೆಗೆದುಕೊಂಡಿದ್ದಾನೆ. ಆ ಪೆನ್‌ಡ್ರೈವ್ ತನಗೂ ಒಂದು ಮಾಡಿಡು ಅಂದ.