ಟಾಸ್ಕ್ ಮ್ಯಾನೇಜರ್ ತೆರೆದೊಡನೆ ಫ್ಯಾನ್ ತಣ್ಣಗಾದರೆ ಎಚ್ಚರ ವಹಿಸಿ

ವಿಡಿಯೊಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಉಚಿತ ತಂತ್ರಾಂಶವೊಂದನ್ನು, ತಯಾರಕರ ತಾಣದಿಂದಲ್ಲದೆ ಬೇರೊಂದು ಡೌನ್‌ಲೋಡ್ ತಾಣದಿಂದ ಪಡೆದು ಅಳವಡಿಸಿದ ಮೇಲೆ ನನ್ನ ವಿಂಡೋಸ್ ಕಂಪ್ಯೂಟರ್‌ನಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ತಂತ್ರಾಂಶ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು, ಹಾಗಾಗಿ ಅದರ ಮೇಲೆ ಅನುಮಾನ ಬರಲು ಕಾರಣವಿರಲಿಲ್ಲ. ಆದರೆ ಯಾವ ಕೆಲಸವೂ ಇಲ್ಲದಿರುವಾಗ ಫ್ಯಾನ್ ಭೋರಿಡುತ್ತಿತ್ತು. ಯಾವ ತಂತ್ರಾಂಶ ಎಷ್ಟು ಪ್ರೊಸೆಸರ್ ಬಳಸುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಪ್ರೊಸೆಸರ್ ಬಳಕೆ ಇಳಿದು, ಅದನ್ನು ಮುಚ್ಚಿದ ಸ್ವಲ್ಪ ಹೊತ್ತಿಗೆ ಫ್ಯಾನ್ ಮತ್ತೆ ಜೋರಾಗುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದ ಮೊದಲ ಕ್ಷಣದಲ್ಲಿ ಬಳಕೆ ಏರಿ ಇಳಿಯುವುದು ಸಹಜ, ಅದೊಂದರಿಂದಲೇ ಗಾಬರಿಪಡಬೇಕಿಲ್ಲ. ಅದು ತೆರೆದಿರುವಷ್ಟು ಹೊತ್ತೂ ಶಾಂತವಾಗಿದ್ದು ಮುಚ್ಚಿದ ಮೇಲೆ ಮತ್ತೆ ಬಿಸಿಯೇರುವುದು ಮಾತ್ರ ಸಹಜವಲ್ಲ.

ಆದೇಶಗಳನ್ನು ಟೈಪ್ ಮಾಡಿ ಕೊಡುವ ವಿಂಡೋಸ್‌ನ ಸಾಧನ ಪವರ್‌ಶೆಲ್‌ನಲ್ಲಿ ಗೆಟ್-ಪ್ರೊಸೆಸ್ ಆದೇಶ ಕೊಟ್ಟಾಗ ಕಾರಣ ಸಿಕ್ಕಿತು. ಪ್ರತಿಯೊಂದು ಪ್ರಕ್ರಿಯೆ ಆರಂಭವಾದಾಗಿನಿಂದ ಒಟ್ಟು ಎಷ್ಟು ಪ್ರೊಸೆಸರ್ ಸಮಯ ಬಳಸಿದೆ ಎಂಬುದನ್ನು ಅದು ಸೆಕೆಂಡುಗಳಲ್ಲಿ ತೋರಿಸುತ್ತದೆ. ಎಸ್‌ವಿಸಿಹೋಸ್ಟ್ ಎಂಬ ಹೆಸರಿನ ಒಂದು ಪ್ರಕ್ರಿಯೆಯ ಮೊತ್ತ ಉಳಿದೆಲ್ಲವನ್ನೂ ಮೀರಿಸಿತ್ತು. ಆ ಹೆಸರು ವಿಂಡೋಸ್‌ನದೇ, ಅದರ ಹಲವು ಪ್ರತಿಗಳು ಏಕಕಾಲಕ್ಕೆ ನಡೆಯುವುದೂ ಮಾಮೂಲು. ಆದರೆ ಅಸಲಿ ಫೈಲ್ ಇರುವುದು ವಿಂಡೋಸ್ ಫೋಲ್ಡರ್‌ನೊಳಗಿನ ಸಿಸ್ಟಂ32ರಲ್ಲಿ. ಇದಾದರೋ ತಂತ್ರಾಂಶಗಳು ತಮ್ಮ ಮಾಹಿತಿ ಇಟ್ಟುಕೊಳ್ಳುವ, ಬಳಕೆದಾರರ ಆಪ್‌ಡೇಟಾ ಫೋಲ್ಡರ್‌ನಲ್ಲಿ ಅಡಗಿ ಕುಳಿತಿತ್ತು.

ಇದು ಮೊನೆರೊ ಎಂಬ ಕ್ರಿಪ್ಟೊ ಹಣವನ್ನು ಗಣಿಗಾರಿಕೆ ಮಾಡುವ, ಅಂದರೆ ಕಂಪ್ಯೂಟರ್‌ನಿಂದ ಸತತ ಲೆಕ್ಕಾಚಾರ ಮಾಡಿಸಿ ಆ ಹಣವನ್ನು ಗಳಿಸುವ ತಂತ್ರಾಂಶವಾಗಿತ್ತು. 2019ರಿಂದ ಮೊನೆರೊ ಬಳಸುತ್ತಿರುವ ರ‍್ಯಾಂಡಮ್‌ಎಕ್ಸ್ ಎಂಬ ಗಣಿಗಾರಿಕೆ ವಿಧಾನವನ್ನು ಸಾಮಾನ್ಯ ಪ್ರೊಸೆಸರ್‌ಗಳಿಗೆ ಹೊಂದುವಂತೆಯೇ ರೂಪಿಸಲಾಗಿದೆ. ಆದ್ದರಿಂದ ದುಬಾರಿ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆ ಕಂಪ್ಯೂಟರ್ ಕೂಡ ಇಂಥ ತಂತ್ರಾಂಶ ತೂರಿಸುವವರಿಗೆ ಲಾಭದ ವಸ್ತು: ವಿದ್ಯುತ್ ನಮ್ಮದು, ಯಂತ್ರದ ಸವೆತ ನಮ್ಮದು, ಗಳಿಕೆ ಅವರದು.

ನನಗೆ ಹೆಚ್ಚು ಆತಂಕ ತಂದದ್ದು ಇದರ ನಂತರ ಕಂಡ ಸಂಗತಿ. ಪ್ರಕ್ರಿಯೆಯನ್ನು ನಿಲ್ಲಿಸಿದರೂ ಅದು ಮರಳಿ ಬರುತ್ತಿತ್ತು, ಏಕೆಂದರೆ ತಂತ್ರಾಂಶಗಳನ್ನು ತಾನಾಗಿಯೇ ಆರಂಭಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಅದನ್ನು ಮತ್ತೆ ಆರಂಭಿಸುವ ಕೆಲಸವೊಂದು ನೋಂದಣಿಯಾಗಿತ್ತು. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ನಡೆಸಿದ ಪೂರ್ಣ ತಪಾಸಣೆ ಏನೂ ಸಿಗಲಿಲ್ಲವೆಂದು ಹೇಳಿತ್ತು. ಸೆಟ್ಟಿಂಗ್ಸ್ ನೋಡಿದರೆ, ತಪಾಸಣೆಯಿಂದ ಕೈಬಿಡಬೇಕಾದವುಗಳ ಪಟ್ಟಿಯಲ್ಲಿ ಇದೇ ಫೋಲ್ಡರ್ ಇತ್ತು. ಹಲವು ಇನ್‌ಸ್ಟಾಲರ್‌ಗಳಂತೆ ಇದೂ ಅಳವಡಿಸುವಾಗ ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳಿತ್ತು, ಆ ಅನುಮತಿಯ ಬಲದಿಂದಲೇ ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿತ್ತು. ಆದ್ದರಿಂದ ತಪಾಸಣೆಯ ಫಲಿತಾಂಶವನ್ನು ನಂಬುವ ಮೊದಲು ಈ ಪಟ್ಟಿಯನ್ನು ದಯವಿಟ್ಟು ತೆರೆದು ನೋಡಿ, ನೀವು ಸೇರಿಸದ ಹೆಸರೇನಾದರೂ ಅಲ್ಲಿದೆಯೇ ಎಂದು ಪರಿಶೀಲಿಸಿ.

ಪ್ರೊಸೆಸರ್ ಬಳಸುವ ಪ್ರತಿಯೊಂದೂ ಕಳ್ಳನಲ್ಲ. ವಿಂಡೋಸ್ ಅಪ್‌ಡೇಟ್, ಹುಡುಕಾಟದ ಸೂಚಿ ಸಿದ್ಧಪಡಿಸುವ ಸರ್ಚ್ ಇಂಡೆಕ್ಸರ್, ಡಿಫೆಂಡರ್‌ನ ಸ್ವಂತ ತಪಾಸಣೆ ಇವು ಕೆಲಹೊತ್ತು ಭಾರ ಹಾಕಿ ತಾವಾಗಿಯೇ ಸುಮ್ಮನಾಗುತ್ತವೆ. ಸಿಸ್ಟಂ ಐಡಲ್ ಪ್ರೊಸೆಸ್ ಎದುರು ದೊಡ್ಡ ಅಂಕಿ ಕಂಡರೆ ಪ್ರೊಸೆಸರ್ ಅಷ್ಟರಮಟ್ಟಿಗೆ ಬಿಡುವಾಗಿದೆ ಎಂದಷ್ಟೇ ಅರ್ಥ. ಕಂಪ್ಯೂಟರ್ ವೇಗ ಹೆಚ್ಚಿಸುವುದಾಗಿ ಹೇಳಿಕೊಳ್ಳುವ ಉಚಿತ ತಂತ್ರಾಂಶಗಳನ್ನು ಇಂಥ ಹೊತ್ತಿನಲ್ಲಿ ಅಳವಡಿಸಲೇಬೇಡಿ.

ಇಂಟರ್ನೆಟ್ ಸಂಪರ್ಕ ಕಡಿದು, ಆ ಪಟ್ಟಿಯಲ್ಲಿದ್ದ ಫೋಲ್ಡರ್ ಹೆಸರನ್ನೂ ಶೆಡ್ಯೂಲರ್‌ನ ಕೆಲಸವನ್ನೂ ಅಳಿಸಿ, ವಿಂಡೋಸ್ ಆರಂಭವಾಗುವ ಮೊದಲೇ ನಡೆಯುವ ಡಿಫೆಂಡರ್ ಆಫ್‌ಲೈನ್ ತಪಾಸಣೆ ಮಾಡಿದಾಗ ಆ ಫೈಲ್ ಸಿಕ್ಕಿಬಿದ್ದಿತು. ಆದರೂ ಅಡ್ಮಿನಿಸ್ಟ್ರೇಟರ್ ಅನುಮತಿ ಪಡೆದ ತಂತ್ರಾಂಶ ಇನ್ನೇನು ಬಿಟ್ಟುಹೋಗಿದೆಯೋ ಹೇಳಲಾಗದು ಎಂಬ ಕಾರಣಕ್ಕೆ ಪಾಸ್‌ವರ್ಡ್‌ಗಳನ್ನು ಬೇರೊಂದು ಸಾಧನದಿಂದ ಬದಲಿಸಿ, ವಿಂಡೋಸನ್ನು ಹೊಸದಾಗಿ ಹಾಕಿದೆ. ನೀವೂ ಹಾಗೆ ಮಾಡುವುದಾದರೆ ದಾಖಲೆ, ಚಿತ್ರ, ವಿಡಿಯೊಗಳನ್ನು ಮಾತ್ರ ನಕಲಿಸಿಕೊಳ್ಳಿ. ಡೌನ್‌ಲೋಡ್ಸ್ ಫೋಲ್ಡರನ್ನು ಇಡಿಯಾಗಿ ಎತ್ತಿಟ್ಟುಕೊಂಡರೆ ಅದೇ ಇನ್‌ಸ್ಟಾಲರ್ ಹೊಸ ವಿಂಡೋಸ್‌ಗೂ ಬಂದು ಸೇರುತ್ತದೆ.