ಕೆಚ್ಚಲು ಬಾವಿಗೆ ಲೋಳೆಸರದ ಲೇಪ: ಐದು ದಿನ ಬಳಸಿ ನೋಡಿದ ಮೇಲೆ

ನಮ್ಮ ಮಿಶ್ರತಳಿ ಹಸು ಎರಡನೆಯ ಕರು ಹಾಕಿದ ಮೂರನೆಯ ವಾರದಲ್ಲಿ, ಬೆಳಗಿನ ಹಾಲು ಕರೆಯುವಾಗ ಹಿಂದಿನ ಬಲ ತೊಟ್ಟಿನ ಮೊದಲ ಧಾರೆಯಲ್ಲಿ ಸಣ್ಣ ಗರಣೆಗಳು ಕಂಡವು. ನಾಲ್ಕು ಗುಳಿಗಳ ತಟ್ಟೆಗೆ ಒಂದೊಂದು ತೊಟ್ಟಿನ ಹಾಲನ್ನು ಹಿಂಡಿ, ಕೆಚ್ಚಲು ಬಾವನ್ನು ಪತ್ತೆಹಚ್ಚುವ ಸಿಎಂಟಿ ದ್ರಾವಣವನ್ನು ಸಮನಾಗಿ ಬೆರೆಸಿ ಮೆಲ್ಲನೆ ತಿರುಗಿಸಿದಾಗ ಮೂರು ಗುಳಿಗಳ ಹಾಲು ತೆಳ್ಳಗೇ ಉಳಿಯಿತು. ನಾಲ್ಕನೆಯದು ಮೊಟ್ಟೆಯ ಬಿಳಿಯಂತೆ ಲೋಳೆಗಟ್ಟಿತು, ಅಂದರೆ ಆ ತೊಟ್ಟಿಗೆ ಬಾವು ತಗುಲಿತ್ತು. ಹಸುವಿಗೆ ಜ್ವರವಿರಲಿಲ್ಲ, ಮೇವನ್ನೂ ಬಿಟ್ಟಿರಲಿಲ್ಲ. ಆದ್ದರಿಂದ ಪಶುವೈದ್ಯರೊಂದಿಗೆ ಮಾತನಾಡಿ, ಅವರ ಒಪ್ಪಿಗೆ ಪಡೆದೇ ಈ ಲೇಪವನ್ನು ಮೊದಲು ಬಳಸಿದೆವು.

ಬೆಂಗಳೂರಿನ ಯಲಹಂಕದ ಬಳಿ ಇರುವ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ಸಂಶೋಧಕರು ಪಾರಂಪರಿಕ ಪಶುಚಿಕಿತ್ಸೆಯ ಮೇಲೆ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಈ ಲೇಪವನ್ನು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯೂ ಹಾಲು ಉತ್ಪಾದಕರಿಗೆ ಪರಿಚಯಿಸುತ್ತ ಬಂದಿದೆ. ಒಂದು ದಿನದ ಅಳತೆ ಸರಳವಾಗಿದೆ: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ. ಮೂರನ್ನೂ ಒಟ್ಟಿಗೆ ರುಬ್ಬಿದ ಕ್ಷಣದಲ್ಲೇ ಹಸಿರು ಮಾಯವಾಗಿ ಕೆಂಪು ತುಂಬಿಕೊಳ್ಳುತ್ತದೆ. ಮನೆಯಲ್ಲಿ ಆರತಿಗೆ ಓಕುಳಿ ಕಲಸಿದವರಿಗೆ ಈ ಬಣ್ಣ ಹೊಸದೇನಲ್ಲ. ಹಾಲನ್ನು ಪೂರ್ತಿ ಹಿಂಡಿ, ಕೆಚ್ಚಲನ್ನು ತೊಳೆದು, ಒಂದು ಹಿಡಿ ಲೇಪವನ್ನು ನೀರಿನಲ್ಲಿ ಕದಡಿ ಕೆಚ್ಚಲಿಗೆಲ್ಲ ಬಳಿಯಬೇಕು. ದಿನಕ್ಕೆ ಎಂಟರಿಂದ ಹತ್ತು ಸಲ, ಐದು ದಿನ ಹೀಗೆ ಮಾಡಬೇಕು.

ಆ ಕೆಂಪು ಬಣ್ಣದಲ್ಲೇ ಈ ಔಷಧದ ಗುಣವೂ ಕೊರತೆಯೂ ಅಡಗಿವೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಸುಣ್ಣದ ಕ್ಷಾರ ಸೇರಿದಾಗ ಅದು ಕೆಂಪಾಗಿ ಕರಗುತ್ತದೆ, ಆದರೆ ಅದೇ ಕ್ಷಾರದಲ್ಲಿ ಬೇಗನೆ ಒಡೆದೂ ಹೋಗುತ್ತದೆ. ಔಷಧ ತಯಾರಿಕೆಯ ಸಂಶೋಧಕರು ಕರ್ಕ್ಯುಮಿನ್ನನ್ನು ಲಿಪೊಸೋಮ್ ಎಂಬ ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ಮತ್ತು ನ್ಯಾನೋಕಣಗಳಲ್ಲಿ ಹಿಡಿದಿಡಲು ಶ್ರಮಿಸುತ್ತಿರುವುದಕ್ಕೆ ಇಂಥ ಅಸ್ಥಿರತೆಯೂ ಒಂದು ಕಾರಣ. ಹೀಗಾಗಿ ಲೇಪವನ್ನು ಪ್ರತಿದಿನವೂ ಹೊಸದಾಗಿ ರುಬ್ಬಿಕೊಳ್ಳಬೇಕು. ಅಂಗಡಿಯೊಂದರಲ್ಲಿ ಇದೇ ಹೆಸರಿನಲ್ಲಿ ಮಾರುತ್ತಿದ್ದ ಸಿದ್ಧ ಡಬ್ಬಿಯನ್ನು ನಾನು ಕೊಂಡಿದ್ದೆ. ಮುಚ್ಚಳ ತೆಗೆದಾಗ ಮೇಲೆ ಕಂದು ನೀರು, ತಳದಲ್ಲಿ ಗಟ್ಟಿ ಗಸಿ ಇತ್ತು. ತಯಾರಿಸಿದ ದಿನಾಂಕವೇ ಇರಲಿಲ್ಲ. ಅದನ್ನು ಬಳಸಲಿಲ್ಲ, ಬೇರೆಯವರಿಗೂ ಕೊಳ್ಳಿರೆಂದು ಹೇಳಲಾರೆ.

ಸುಣ್ಣದ ಅಳತೆಯಲ್ಲಿ ನಾನೇ ತಪ್ಪಿದೆ. ಮೊದಲ ದಿನ ಎಲೆಅಡಿಕೆಗೆ ಹಚ್ಚುವ ಸುಣ್ಣವನ್ನು ತೂಗದೆ ಕಣ್ಣಂದಾಜಿನಲ್ಲಿ ಹಾಕಿದ್ದರಿಂದ ಸಂಜೆಯ ಹೊತ್ತಿಗೆ ತೊಟ್ಟಿನ ತುದಿಯ ಚರ್ಮ ಒಣಗಿ ಬಿರಿದಿತ್ತು, ಹಸು ಕೈ ಹಾಕಲು ಬಿಡದೆ ಒದೆಯತೊಡಗಿತು. ಮರುದಿನದಿಂದ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ಬೆರೆಸಿದೆ, ಮತ್ತೆ ತೊಂದರೆಯಾಗಲಿಲ್ಲ. ಮೂರನೆಯ ದಿನ ಊತ ಇಳಿದು ಕೆಚ್ಚಲು ಮೆತ್ತಗಾಯಿತು, ಐದನೆಯ ದಿನ ಗರಣೆ ನಿಂತಿತು, ಎಂಟನೆಯ ದಿನದ ಪರೀಕ್ಷೆಯಲ್ಲಿ ನಾಲ್ಕೂ ಗುಳಿಗಳ ಹಾಲು ತೆಳ್ಳಗಿತ್ತು. ಒಂದೇ ಹಸುವಿನ ಅನುಭವದಿಂದ ಎಲ್ಲ ಹಸುಗಳಿಗೂ ಇದು ಸಾಕೆಂದು ಹೇಳುವುದು ಸರಿಯಲ್ಲ. ಕೆಲವು ಬಾವುಗಳು ತಾವಾಗಿಯೇ ಇಳಿಯುವುದೂ ಉಂಟು.

ಆದರೂ ನಾನು ಇದನ್ನು ಮೆಚ್ಚುವುದಕ್ಕೆ ಬಲವಾದ ಕಾರಣವಿದೆ. ಕೆಚ್ಚಲಿಗೆ ಆಂಟಿಬಯೋಟಿಕ್ ಟ್ಯೂಬು ಏರಿಸಿದರೆ ಚಿಕಿತ್ಸೆಯ ದಿನಗಳಲ್ಲೂ, ಆ ಬಳಿಕ ಲೇಬಲ್ಲಿನಲ್ಲಿ ಸೂಚಿಸಿದಷ್ಟು ಕಾಲವೂ ಹಾಲನ್ನು ಡೇರಿಗೆ ಹಾಕುವಂತಿಲ್ಲ. ಆ ನಿಯಮವನ್ನು ಮೀರಿ ಹಾಕಿದ ಹಾಲು ಮಕ್ಕಳ ಲೋಟಕ್ಕೆ ಹೋಗುತ್ತದೆ. ಲೇಪ ಬಳಸಿದಾಗ ನಾವು ಚೆಲ್ಲಿದ್ದು ಗರಣೆಯಿದ್ದ ತೊಟ್ಟಿನ ಹಾಲನ್ನು ಮಾತ್ರ. ಅಗತ್ಯವಿಲ್ಲದ ಕಡೆ ಆಂಟಿಬಯೋಟಿಕ್ ಕಡಿಮೆಯಾದಷ್ಟೂ, ಅದು ನಿಜವಾಗಿ ಬೇಕಾದ ದಿನ ಕೆಲಸ ಮಾಡುವ ಭರವಸೆ ಹೆಚ್ಚುತ್ತದೆ.

ಜ್ವರ ಬಂದರೆ, ಹಸು ಮೇವು ಬಿಟ್ಟರೆ, ಹಾಲು ನೀರಾಗಿ ಹಳದಿಗೆ ತಿರುಗಿದರೆ ಅಥವಾ ಕೆಚ್ಚಲು ತಣ್ಣಗಾಗಿ ನೀಲಿಗಟ್ಟಿದರೆ ಲೇಪದ ಮುಂದೆ ಕುಳಿತು ಕಾಯಬಾರದು. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ವೈದ್ಯರನ್ನು ಕೂಡಲೇ ಕರೆಸಬೇಕು. ಅಂಥ ಹಸುವಿಗೆ ಒಂದು ರಾತ್ರಿಯ ತಡವೂ ಪ್ರಾಣಕ್ಕೆ ಎರವಾಗಬಹುದು.

ದಿನಕ್ಕೆ ಹತ್ತು ಸಲ ಬಳಿಯಲು ಮನೆಯಲ್ಲಿ ಒಬ್ಬರು ಇರಲೇಬೇಕು. ಕೂಲಿಗೆ ಹೋಗುವವರ ಮನೆಗೆ ಇದು ದೊಡ್ಡ ಹೊರೆ. ಐದು ದಿನಕ್ಕೆ ಒಂದೂಕಾಲು ಕಿಲೋ ಲೋಳೆಸರವೂ ಬೇಕು. ನಮ್ಮ ಎರಡು ಕುಂಡಗಳ ಗಿಡ ಮೂರನೆಯ ದಿನಕ್ಕೇ ಬರಿದಾಗಿದ್ದರಿಂದ, ಈಗ ಕೊಟ್ಟಿಗೆಯ ಹಿಂದಿನ ಬದುವಿನುದ್ದಕ್ಕೂ ಅದನ್ನೇ ನೆಟ್ಟಿದ್ದೇನೆ.